ಎರಡೂ ಊರಿನಲ್ಲಿ ಹಾಕಿಸದ ಸೂಜಿ

ಸುಳ್ಳು ಹೇಳುವುದರಲ್ಲಿ ನಾನೇನೂ ಜಾಣೆಯಲ್ಲ. ಆದರೂ ಒಂದು ಸುಳ್ಳನ್ನು ಎರಡು ಊರಿನಲ್ಲಿ ಹೇಳಿ ದಕ್ಕಿಸಿಕೊಂಡಿದ್ದೆ. ಹೆರಿಗೆಗೆಂದು ಚುಂಚನಕಟ್ಟೆ ಹತ್ತಿರದ ತವರಿಗೆ ಹೋದವಳು ಮಗಳಿಗೆ ಒಂಬತ್ತು ತಿಂಗಳಾಗುವವರೆಗೂ ಅಲ್ಲೇ ಉಳಿದೆ. ದಡಾರದ ಚುಚ್ಚುಮದ್ದಿನ ದಿನ ಬಂದಾಗ ಅಲ್ಲಿನ ನರ್ಸಿಗೆ, "ಗಂಡನ ಮನೇಲಿ ಆಕಿಸ್ತೀನಿ ಕಣಕ್ಕ" ಎಂದೆ. ಪಿರಿಯಾಪಟ್ಟಣದ ಪಕ್ಕದ ಗಂಡನ ಊರಿಗೆ ಬಂದ ಮೇಲೆ ಆಶಾ ಕಾರ್ಯಕರ್ತೆಗೆ, "ತವರಲ್ಲೇ ಆಕಿಸ್ದೆ, ಕಾರ್ಡು ಅಲ್ಲೇ ಬುಟ್ಟುಬಂದೆ" ಎಂದೆ. ಹಿಂದಿನ ಸೂಜಿಗೆ ಮಗು ಜ್ವರ ಬಂದು ಎರಡು ದಿನ ಚೀರಿತ್ತು. ಆ ಚೀರಾಟವನ್ನು ಮತ್ತೆ ಕೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಮಗಳಿಗೆ ವರ್ಷ ದಾಟಿದಾಗ ಹೊಗೆಸೊಪ್ಪಿನ ಕೆಲಸ ಜೋರಾಗಿತ್ತು. ನಾನೂ ಪಕ್ಕದ ಮನೆಯಾಕೆಯೂ ನೆರಳಲ್ಲಿ ಕೂತು ಸೊಪ್ಪು ಕಟ್ಟುತ್ತಿದ್ದೆವು. ಅವಳ ಏಳು ತಿಂಗಳ ಮಗನೂ ನನ್ನ ಮಗಳೂ ಒಂದೇ ಕಂಬಳಿಯ ಮೇಲಿದ್ದರು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ.

"ಪಕ್ಕದಳ್ಳೀಲಿ ಗೊಬ್ಬರ ಎದ್ದದಂತೆ ಕಣೇ. ನಿನ್ ಮಗೀಗೆ ಸೂಜಿ ಆಕಿಸಿದ್ದೀಯ ತಾನೇ?" ಎಂದಳು.

"ಊಂ ಕಣಕ್ಕ, ಎಲ್ಲಾ ಆಗದೆ" ಎಂದೆ. ಆಗಲೇ ಮಗಳ ಮೂಗು ಸೋರುತ್ತಿತ್ತು, ಕಣ್ಣು ಕೆಂಪಾಗಿತ್ತು. ಶೀತ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ಬೆಳಿಗ್ಗೆ ಅವಳ ಕಿವಿಯ ಹಿಂದೆ ಕೆಂಪು ಗುಳ್ಳೆಗಳೆದ್ದಿದ್ದವು. ಮೈ ಕೆಂಡದಂತೆ ಸುಡುತ್ತಿತ್ತು. ಅತ್ತೆ ನೋಡಿದವರೇ ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿದರು. "ಅಮ್ಮ ಬಂದವ್ಳೆ. ಒಗ್ಗರಣೆ ಆಕ್ಬ್ಯಾಡ, ಆಸ್ಪತ್ರೆಗೂ ಓಗ್ಬ್ಯಾಡ, ಯಾರ್ಗೂ ಏಳ್ಬ್ಯಾಡ" ಎಂದರು. ತಲೆಯಾಡಿಸಿದೆ. ಭಕ್ತಿಯೇನಲ್ಲ, ಆಸ್ಪತ್ರೆಯಲ್ಲಿ ಕಾರ್ಡು ಕೇಳುತ್ತಾರೆಂಬ ಹೆದರಿಕೆ.

ಮಧ್ಯಾಹ್ನದ ಹೊತ್ತಿಗೆ ಮಗು ಏದುಸಿರು ಬಿಡುತ್ತಿತ್ತು, ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಅತ್ತೆ ಕೂಗುತ್ತಿದ್ದಂತೆಯೇ ಆಟೋ ಹತ್ತಿದೆ. ದಾರಿಯುದ್ದಕ್ಕೂ ಮಗಳ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಕೂತಿದ್ದೆ.

"ದಡಾರದ ಇಂಜೆಕ್ಷನ್ ಹಾಕಿಸಿದ್ರಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ." ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಮಗುವಿಗೆ ಆಕ್ಸಿಜನ್ ಹಚ್ಚಿಸಿ, "ಇವಳ ಜೊತೆ ಚಿಕ್ಕ ಮಕ್ಕಳು ಯಾರಾದ್ರೂ ಇದ್ರಾ?" ಎಂದರು. ಹೇಳಿದೆ. "ಏಳು ತಿಂಗಳಾ? ಆ ಮಗೂಗೆ ಇನ್ನೂ ಸೂಜಿ ಬಿದ್ದಿರಲ್ಲ. ಈಗಲೇ ಕರ್ಕೊಂಡು ಬರೋಕೆ ಹೇಳಿ, ಬೇಗ ಸೂಜಿ ಹಾಕಿದ್ರೆ ತಡೀಬಹುದು, ತಡ ಮಾಡ್ಬೇಡಿ."

ಫೋನ್ ಎತ್ತಿದವಳೇ ಪಕ್ಕದ ಮನೆಯಾಕೆ, "ಎಂಗದಾಳೆ ಕಣೇ ಮಗ? ಒಬ್ಳೇ ಓಗಿದ್ದೀಯಲ್ಲ, ನಾನೂ ಬರ್ಲಾ?" ಎಂದಳು.

"ಬಾ ಅಕ್ಕ. ಮಗೀನೂ ಕರ್ಕೊಂಡು ಬಾ" ಎಂದು ಎಲ್ಲವನ್ನೂ ಹೇಳಿದೆ.

"ಆಕಿಸಿದ್ದೀನಿ ಅಂದ್ಯಲ್ಲೇ" ಎಂದಳು.

ಮಗಳು ಐದನೆಯ ದಿನ ಮನೆಗೆ ಬಂದಳು. ಪಕ್ಕದ ಮನೆಯಾಕೆಯ ಮಗನಿಗೆ ಫೋನ್ ಮಾಡಿದ ದಿನವೇ ಸೂಜಿ ಹಾಕಿದ್ದರು; ಆದರೂ ಅವನ ಮೈಮೇಲೆ ಗುಳ್ಳೆ ಏಳುತ್ತದೋ ಎಂದು ದಿನಗಟ್ಟಲೆ ಕಾದೆವು, ಅವಳು ಅವಳ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ಏಳಲಿಲ್ಲ. ಈಗಲೂ ಅವಳು ನನ್ನನ್ನು ಮಾತಾಡಿಸುತ್ತಾಳೆ. ಅವನನ್ನು ಎತ್ತಿಕೊಳ್ಳಲು ನಾನು ಕೈ ಚಾಚಿದರೆ ಮಾತ್ರ, ಅವಳೇ ಮೊದಲು ಎತ್ತಿಕೊಂಡುಬಿಡುತ್ತಾಳೆ.