ಗುರುವಾರಕ್ಕೆಂದು ಕಾದದ್ದು

ಗಂಡನಿಗೆ ಅಪೆಂಡಿಕ್ಸ್, ಇವತ್ತು ಮಧ್ಯಾಹ್ನವೇ ಆಪರೇಷನ್ ಮಾಡಿದರೆ ಐದಾರು ದಿನಕ್ಕೆ ಮನೆಗೆ ಹೋಗಬಹುದು ಎಂದು ನಾಗಪುರದ ಒಂದು ಸಣ್ಣ ಆಸ್ಪತ್ರೆಯ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದು ಮಂಗಳವಾರ ಬೆಳಿಗ್ಗೆ. ಎಂಬತ್ತರ ದಶಕದ ಮೊದಲ ವರ್ಷಗಳು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಆ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಒಪ್ಪಿಗೆಯ ಕಾಗದ ಹಿಡಿದುಕೊಂಡೇ ಸದರ್ ಬಡಾವಣೆಯ ಅಂಚೆ ಕಚೇರಿಗೆ ಹೋಗಿ ಧಾರವಾಡಕ್ಕೆ ಟ್ರಂಕ್ ಕಾಲ್ ಮಾಡಿದೆ.

“ಇವತ್ತ ಮಂಗಳವಾರ, ನಾಳೆ ಅಮಾಸಿ ಐತಿ ತಂಗಿ,” ಎಂದರು ಮಾವ. “ಗುರುವಾರ ಮಾಡಸ್ರಿ. ಎರಡ ದಿನದಾಗ ಏನಾಗ್ತೈತಿ?”

ನಾನು ಬಿ.ಎಸ್ಸಿ. ಓದಿದವಳು, ಅಮಾವಾಸ್ಯೆಯನ್ನು ನಂಬುತ್ತಿರಲಿಲ್ಲ. ಆದರೆ ಹೆಚ್ಚುಕಡಿಮೆಯಾದರೆ ಬರುವ ಮಾತಿಗೆ ಹೆದರಿದೆ. ಅಮಾವಾಸ್ಯೆ ಕಳೆದು ಗುರುವಾರ ಮಾಡಿ ಎಂದು ಡಾಕ್ಟರಿಗೆ ಹೇಳಿದೆ.

“ಭಾಭೀಜೀ, ಅಪೆಂಡಿಕ್ಸ್ ಪಂಚಾಂಗ್ ನಹೀ ಪಢತಾ,” ಅಪೆಂಡಿಕ್ಸೇನು ಪಂಚಾಂಗ ಓದುತ್ತದೆಯೇ ಎಂದು ಅವರು ಕಾಗದ ವಾಪಸು ತೆಗೆದುಕೊಂಡರು.

ಬುಧವಾರ ಬೆಳಿಗ್ಗೆ ನೋವು ನಿಂತುಬಿಟ್ಟಿತು. “ಚಾಕು ಮಸಿಯೂದು ಕೇಳಿ ಓಡಿ ಹೋತು ನೋಡು,” ಎಂದು ಇವರು ನಕ್ಕು ಚಹಾ ಕೇಳಿದರು. ಮಾವ ಹೇಳಿದ್ದೇ ಸರಿಯಾಯಿತೆಂದು ನಾನೂ ನಕ್ಕೆ. ನೋವು ನಿಂತದ್ದು ಒಳಗೆ ಒಡೆದದ್ದರಿಂದ ಎಂದು ಗೊತ್ತಾದದ್ದು ಮಧ್ಯಾಹ್ನ, ಹೊಟ್ಟೆ ಹಲಗೆಯಂತೆ ಬಿಗಿದು ಚಳಿಜ್ವರ ಬಂದ ಮೇಲೆ. ಅಮಾವಾಸ್ಯೆಯ ದಿನವೇ ಅವರನ್ನು ಥಿಯೇಟರಿಗೆ ಒಯ್ದರು. ಉಳಿಯುತ್ತಾರೆಂದು ಯಾರೂ ಹೇಳಲಿಲ್ಲ. ಆ ಬಾಗಿಲು ಮುಚ್ಚಿದ ಸದ್ದು ಈಗಲೂ ಕೇಳಿಸುತ್ತದೆ. ಕೇಳಿಸಿದಾಗಲೆಲ್ಲ ನಾನು ಮಂಗಳವಾರಕ್ಕೆ ಹೋಗಿ ಆ ಕಾಗದಕ್ಕೆ ಸಹಿ ಹಾಕುತ್ತೇನೆ.

ಇಪ್ಪತ್ತಾರು ದಿನ ಅಲ್ಲಿದ್ದೆವು. ಹೊಟ್ಟೆಗೆ ಹಾಕಿದ್ದ ನಳಿಕೆಯಿಂದ ಕೀವು ಇಳಿಯುವುದನ್ನು ನೋಡುತ್ತ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಕನ್ನಡದಲ್ಲಿ ಒಂದು ಮಾತಾಡಬೇಕೆಂದರೆ ಇವರು ಕಣ್ಣು ಬಿಡಬೇಕು. ಪಕ್ಕದ ಮಂಚದಲ್ಲಿ ಊರಿನ ಮಹಾಲ್ ಪೇಟೆಯ ಒಬ್ಬ ವ್ಯಾಪಾರಿ. ಅದೇ ಕಾಯಿಲೆ, ಮಂಗಳವಾರವೇ ಆಪರೇಷನ್ ಆಗಿ ಭಾನುವಾರ ರಿಕ್ಷಾದಲ್ಲಿ ಮನೆಗೆ ಹೋದ. ಹೊರಡುವಾಗ ಅವನ ತಾಯಿ ಉಳಿದ ಅವಲಕ್ಕಿಯನ್ನು ನನ್ನ ಮುಂದಿಟ್ಟು, “ತೂ ಕಶಾಲಾ ಥಾಂಬಲೀಸ್ ಗ?” ಎಂದಳು. ಯಾಕೆ ಕಾದೆ ಎಂದು ಕೇಳುತ್ತಿದ್ದಾಳೆಂದು ತಿಳಿಯುವಷ್ಟು ಮರಾಠಿ ನನಗೆ ಬರುತ್ತಿತ್ತು, ಉತ್ತರ ಹೇಳುವಷ್ಟಲ್ಲ.

ಎದ್ದು ಕೂರುವಂತಾದಾಗ ಇವರೂ ಕೇಳಿದರು: “ಬಾಜೂದಾಂವಗ ಅವತ್ತ ಮಾಡಿದ್ರು. ನನಗ್ಯಾಕ ತಡಾ ಆತು?”

“ಥಿಯೇಟರ್ ಖಾಲಿ ಇರಲಿಲ್ಲಂತ,” ಎಂದೆ.

ಮರುದಿನ ಮಾವ ಬಂದರು. ಇವರು ಅದನ್ನೇ ಹೇಳಿ ಆಸ್ಪತ್ರೆಯವರನ್ನು ಬೈದರು. ಮಾವ ಮಗನ ಹೊದಿಕೆ ಸರಿಮಾಡುತ್ತ ಹೌದೆಂದರು. ನನ್ನ ಕಡೆ ನೋಡಲಿಲ್ಲ.