ಮೆಹಬೂಬಿ ಚಾಚಿ ಒಡೆದುಕೊಟ್ಟ ಫ್ರೆಂಚ್ ಶಬ್ದ

ಮೂರು ವರ್ಷದ ಹಿಂದಿನ ಮಾತು. ಬೆಟಗೇರಿಯಿಂದ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೆ. ಎಲ್ಲದರಲ್ಲೂ ಪಾಸಾದವಳು, ಫ್ರೆಂಚನ್ನು ಗಟ್ಟಿಯಾಗಿ ಓದಿ ತೋರಿಸುವ ಪರೀಕ್ಷೆಯಲ್ಲಿ ಮಾತ್ರ ಫೇಲಾದೆ. ಗೋವಾದ ಹೋಟೆಲೊಂದರಲ್ಲಿ ಕೆಲಸ ನಿಕ್ಕಿಯಾಗಿತ್ತು. ಆದರೆ ತಿಂಗಳೊಳಗೆ ಮರುಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತರಬೇಕಿತ್ತು.

"ನೀ ಓದೂದು ಹಂಚಿನ್ಯಾಗ ಜ್ವಾಳ ಹುರದಂಗ ಕೇಳತೈತಿ," ಎಂದಿದ್ದರು ನಮ್ಮ ಮೇಡಂ. ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಉದ್ದನೆಯ ಶಬ್ದ ಕಂಡರೆ ನನ್ನ ನಾಲಿಗೆಯೇ ಹೊರಳುತ್ತಿರಲಿಲ್ಲ.

ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ಕೂತು, ಮೇಡಂ ಓದಿ ಕಳಿಸಿದ್ದನ್ನು ಮೊಬೈಲಿನಲ್ಲಿ ಕೇಳುತ್ತ ಒದ್ದಾಡುತ್ತಿದ್ದೆ. ಪಕ್ಕದ ಮನೆಯ ಮೆಹಬೂಬಿ ಚಾಚಿ ಬಂದರು. ಓಣಿಯ ಮಕ್ಕಳಿಗೆ ಅರಬ್ಬಿ ಓದಲು ಕಲಿಸುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

"ಅಷ್ಟೂ ಒಮ್ಮೆಲೇ ಯಾಕ ನುಂಗತೀಯವ್ವಾ? ನಮ್ಮ ಹುಡುಗರಂಗ ಹಿಜ್ಜಿ ಮಾಡು," ಎಂದರು. ಹಿಜ್ಜಿ ಎಂದರೆ ಶಬ್ದವನ್ನು ತುಣುಕು ಮಾಡಿ, ಒಂದೊಂದನ್ನೇ ಓದಿ, ಆಮೇಲೆ ಜೋಡಿಸುವುದು.

ಮೊಬೈಲ್ ಕೇಳುತ್ತ ನಾನು ಪುಸ್ತಕದಲ್ಲಿದ್ದ ಒಂದು ಉದ್ದನೆಯ ಶಬ್ದದ ತುಣುಕುಗಳ ನಡುವೆ ಪೆನ್ಸಿಲಿನಿಂದ ಗೆರೆ ಎಳೆದೆ. ಚಾಚಿ ಹಳೆಯ ಲಗ್ನಪತ್ರಿಕೆಯ ಚೂರಿನಿಂದ ಶಬ್ದ ಮುಚ್ಚಿ, ಗೆರೆಯಿಂದ ಗೆರೆಗೆ ಸರಿಸಿದರು. ರೆಸ್, ಪೋಂ, ಸಾ, ಬಿ, ಲಿ, ತೇ. ಜವಾಬ್ದಾರಿ ಎಂಬುದಕ್ಕೆ ಫ್ರೆಂಚರ ಶಬ್ದ ಅದು. ಜೋಡಿಸಿ ಓದಿದೆ. ಚಾಚಿ ತಲೆ ಅಲ್ಲಾಡಿಸಿದರು.

"ನೀ ಮೊದಲನೇದಕ್ಕ ಗುದ್ದತಿ. ಮೊಬೈಲಿನ್ಯಾಗ ಓದಾಕಿ ನೋಡು, ಎಲ್ಲಾ ಸಮ ಹೇಳಿ ಕಡೀದಕ್ಕ ಒತ್ತತಾಳ."

ಮತ್ತೆ ಕೇಳಿದೆ. ಖಂಡಿತ ಹಾಗೇ ಇತ್ತು. ಎರಡು ವರ್ಷ ತರಗತಿಯಲ್ಲಿ ಕೂತರೂ ನನಗೆ ಕೇಳಿಸದ್ದು ಚಾಚಿಗೆ ಒಂದೇ ಸಲಕ್ಕೆ ಕೇಳಿಸಿತ್ತು. ನಾಚಿಕೆಯಾಯಿತು, ನಗುವೂ ಬಂತು. ಅಂದಿನಿಂದ ದಿನಾ ಸಂಜೆ ಚಿಕ್ಕ ಮಕ್ಕಳ ಸಾಲಿನಲ್ಲೇ ನನ್ನನ್ನೂ ಕೂರಿಸಿಕೊಂಡರು. ತಪ್ಪಿದರೆ ಬೈಗುಳ ಎಲ್ಲರಿಗೂ ಒಂದೇ.

ಪರೀಕ್ಷೆಯ ದಿನ ಧಾರವಾಡದಿಂದ ಬಂದ ಹಿರಿಯ ಪರೀಕ್ಷಕರು ಪುಟದಲ್ಲೇ ಅತಿ ಉದ್ದದ ಶಬ್ದಕ್ಕೆ ಬೆರಳಿಟ್ಟರು. ಮನಸ್ಸಿನಲ್ಲೇ ತುಣುಕು ಮಾಡಿದೆ, ಎಂಟು ಬಂದವು. ಆಂ-ತೆರ್-ನಾ-ಸ್ಯೊ-ನಾ-ಲಿ-ಜಾ-ಸ್ಯೋಂ. ಕಡೆಯದಕ್ಕೆ ಒತ್ತಿ, ಒಂದೇ ಉಸಿರಿಗೆ ಓದಿಬಿಟ್ಟೆ. ಅವರು ಕನ್ನಡಕ ತೆಗೆದು, ಇನ್ನೊಮ್ಮೆ ಓದಿಸಿದರು.

"ಯಾರ ಕಡೆ ಕಲ್ತಿ?"

"ಮಗ್ಗಲ ಮನಿ ಚಾಚಿ ಕಡೆರಿ."

"ಅವರು ಫ್ರಾನ್ಸಿಗೆ ಹೋಗಿದ್ರೇನು?"

"ಇಲ್ರಿ ಸರ್. ಹುಬ್ಬಳ್ಳಿ ಸುದ್ದಾ ನೋಡಿಲ್ರಿ."

ಅವರು ನಗುತ್ತಲೇ ಪಾಸು ಮಾಡಿದರು. ಈಗ ಗೋವಾದಲ್ಲಿ ಫ್ರೆಂಚ್ ಅತಿಥಿಗಳು ನನ್ನ ಮಾತು ಕೇಳಿ, ಪ್ಯಾರಿಸ್ಸಿನಲ್ಲಿ ಓದಿದ್ದೀರಾ ಎನ್ನುತ್ತಾರೆ. ಇಲ್ಲ, ಬೆಟಗೇರಿಯಲ್ಲಿ ಎನ್ನುತ್ತೇನೆ. ಹಾಗೆ ಹೇಳುವಾಗ ಪ್ರತಿ ಸಲವೂ ಹೆಮ್ಮೆಯಿಂದ ನನ್ನ ಎದೆ ಉಬ್ಬುತ್ತದೆ.