ಮಾವ ತಂದ ಗಾಡಿ

ಹೋದ ತಿಂಗಳು ಮಗಳು ಕಾರಿನ ಚಾವಿ ಹುಡುಕುತ್ತಾ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಚಾವಿಗಳ ಗೊಂಚಲನ್ನೇ ಎತ್ತಿಕೊಂಡು ಬಂದಳು. ಅದರಲ್ಲಿ ಯಾವ ಬೀಗಕ್ಕೂ ಸೇರದ ಒಂದು ಪುಟ್ಟ ಚಾವಿ ಇತ್ತು. ಹಲ್ಲು ಸವೆದಿತ್ತು, ಕಟ್ಟಿದ್ದ ಕೆಂಪು ದಾರ ಕಪ್ಪಾಗಿತ್ತು. ‘ಇದು ಯಾವ ಗಾಡೀದು ಮಮ್ಮಿ?’ ಎಂದಳು. ಇಸಿದುಕೊಂಡು ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲಿಗೆ ಆಯಿಲ್ ಬೆರೆಸಿದ ಆ ಹಳೆಯ ವಾಸನೆ ಇಷ್ಟು ವರ್ಷ ಉಳಿದಿರಲು ಸಾಧ್ಯವಿಲ್ಲ, ನನಗೂ ಗೊತ್ತು. ಆದರೂ ಬಂತು...

ಮಗಳಿಗೆ ಬೆಳಗಾವಿಯಲ್ಲಿ ಕಾಲೇಜು ಸಿಕ್ಕಿದೆ. ಮೊದಲ ವರ್ಷವೇ ಕಾರು ಒಯ್ಯುತ್ತೇನೆ ಎನ್ನುವುದು ಅವಳ ಹಟ. ಕೊಡಬೇಕೋ ಬೇಡವೋ ಎಂದು ನಮ್ಮಲ್ಲಿ ಮಾತು ನಡೆದಿತ್ತು. ಇಂಥದ್ದೇ ಮಾತು ನಮ್ಮ ತೋಟದ ಮನೆಯಲ್ಲೂ ಒಂದು ಬೇಸಿಗೆ ಪೂರ್ತಿ ನಡೆದಿತ್ತು. ತೊಂಬತ್ತರ ದಶಕದ ಶುರುವಿನ ವರ್ಷಗಳವು. ಆಗಿನದು ಕಾರಲ್ಲ, ಪೆಡಲ್ ತುಳಿದು ಚಾಲೂ ಮಾಡುವ ಒಂದು ಮೊಪೆಡ್. ತಂದವನು ನನ್ನ ಸೋದರಮಾವ, ಅವ್ವನ ಕಿರಿಯ ತಮ್ಮ.

ಮಾವ ಉಗಾರದಲ್ಲಿದ್ದ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹಂಗಾಮು ಮುಗಿದ ಮೇಲೆ ಎಂಟು ದಿನ ಅಕ್ಕನ ಮನೆಗೆ ಬಂದು ಉಳಿಯುತ್ತಿದ್ದ. ಬಂದರೆ ಅಂಗಿಯಿಂದ ಕಾಕಂಬಿಯ ಹುಳಿಸಿಹಿ ವಾಸನೆ ಬರುತ್ತಿತ್ತು. ಎತ್ತರದ ಆಳು, ಮಾತು ಕಡಿಮೆ, ಆಡಿದರೆ ಒಂದು ಕುಟುಕು ಇರಲೇಬೇಕು.

ನಾನು ಹನ್ನೆರಡನೆಯ ತರಗತಿಯವರೆಗೆ ಏಕಸಂಬಿಗೆ ನಡೆದೇ ಹೋಗಿ ಕಲಿತವಳು. ನಮ್ಮ ಮನೆತನದಲ್ಲಿ ಅಷ್ಟು ಓದಿದವರು ಗಂಡಸರಲ್ಲೂ ಇರಲಿಲ್ಲ. ಡಿಗ್ರಿಗೆ ಚಿಕ್ಕೋಡಿಗೆ ಹೋಗಬೇಕಿತ್ತು. ಬೆಳಗಿನ ಬಸ್ಸು ಹಿಡಿಯಲು ತೋಟದಿಂದ ಡಾಂಬರು ರಸ್ತೆಯವರೆಗೆ ನಡೆಯಬೇಕು. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಂಜೆಯದಂತೂ ದೇವರಿಗೇ ಪ್ರೀತಿ. ಹಾಸ್ಟೆಲ್ ಎಂದರೆ ಅಪ್ಪ ಕೇಳುವವನಲ್ಲ. ಎಮ್ಮೆಗೆ ಮೇವು ಹಾಕುತ್ತಾ ಒಂದೇ ಮಾತು ಹೇಳಿದ್ದ: ‘ಹೊತ್ತ ಮುಣಗೂದ್ರಾಗ ಮನೀಗೆ ಬರಬೇಕು. ಬಸ್ ತಪ್ಪಿತಂದ್ರ ಕಾಲೇಜೂ ತಪ್ಪಿತು, ತಿಳ್ಕೋ.’

ಹಾಗಿರುವಾಗ ಅಂಗಳಕ್ಕೆ ಗಾಡಿ ಬಂತು. ಮಾವ ಸ್ಟ್ಯಾಂಡ್ ಹಾಕಿ, ‘ಇಕಿ ಕಾಲೇಜಿಗೆ ಆತಿದು’ ಎಂದಷ್ಟೇ ಅಂದ. ಕುಣಿದಾಡಬೇಕಿತ್ತು ನಾನು. ಕುಣಿಯಲಿಲ್ಲ. ಯಾಕೆಂದರೆ ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು. ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಅವನಿಗೆ ಕೊಡುವುದೆಂದು ಮಾತಾಡಿಕೊಂಡಿದ್ದರು. ಅಂಥವನು ತಂದ ಗಾಡಿ ಹತ್ತಿ ಊರ ಮುಂದೆ ಹಾದುಹೋದರೆ ನಾನು ಒಪ್ಪಿದಂತೆಯೇ. ಲಗ್ನವಾದ ಮೇಲೆ ಉಗಾರದಲ್ಲಿ ಒಲೆ ಮುಂದೆ ಕೂರಬೇಕು. ಚಿಕ್ಕೋಡಿಯ ಕಾಲೇಜು ಅಲ್ಲಿಗೆ ಮುಗಿಯಿತು. ಗಾಡಿ ಒಯ್ದರೂ ಓದು ಹೋಗುತ್ತದೆ, ಬಿಟ್ಟರೂ ಹೋಗುತ್ತದೆ. ಹದಿನೆಂಟರ ಹುಡುಗಿಗೆ ಅದೇನು ಸಣ್ಣ ಲೆಕ್ಕವಾಗಿರಲಿಲ್ಲ.

ನನ್ನ ಆಯಿ, ಅಂದರೆ ಅವ್ವನ ತಾಯಿ, ಬೇರೆ ಹಟ ಹಿಡಿದಳು. ‘ಯಡೂರಿಗೆ ಹೋಗಿ ಗಾಡಿ ಪೂಜಾ ಮಾಡಸೂಣು. ಅಲ್ಲೇ ವೀರಭದ್ರನ ಮುಂದ ಹುಡಿಗಿ ಬಾಯಾಗ ಸಕ್ಕರಿ ಹಾಕಿ ಬಿಡೂಣು. ಎರಡೂ ಒಂದ ಹಾದ್ಯಾಗ ಮುಗೀತಾವ’ ಎಂದಳು. ಸಕ್ಕರೆ ಹಾಕುವುದೆಂದರೆ ನಿಶ್ಚಯ. ಗಂಡಿನ ಕಡೆಯವರು ತಂದ ಸಕ್ಕರೆ ಪುಡಿಕೆ ಬಿಚ್ಚಿ ಹೆಣ್ಣಿನ ಬಾಯಿಗೆ ಒಂದು ಚಿಟಿಕೆ ಹಾಕಿದರೆ ಮುಗಿಯಿತು, ಆಮೇಲೆ ಹಿಂದೆಗೆಯುವಂತಿಲ್ಲ. ಹಿಂದೆಗೆದರೆ ಮಾತು ಬರುವುದು ಹೆಣ್ಣಿಗೆ.

ಗಾಡಿ ಕಲಿಸಲು ಮಾವ ನನ್ನನ್ನು ಕೆನಾಲ್ ದಂಡೆಗೆ ಕರೆದೊಯ್ಯುತ್ತಿದ್ದ. ನಾನು ಹ್ಯಾಂಡಲ್ ಹಿಡಿದು ಕೂತರೆ ಅವನು ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದ. ಬಿಟ್ಟಾನೇನೋ ಎಂದು ನಾನು ತಿರುತಿರುಗಿ ನೋಡುವೆ. ‘ಮುಂದ ನೋಡ ಬೇ! ಹಾದಿ ಏನ ನನ್ನ ಮಾರಿ ಮ್ಯಾಲ ಐತೇನ?’ ಎಂದು ಬೈಯುವ. ಒಂದು ದಿನ ಅವನು ಕೈ ಬಿಟ್ಟಿದ್ದಾನೆಂದು ಗೊತ್ತಾಗದೆಯೇ ಬಹಳ ದೂರ ಹೋಗಿಬಿಟ್ಟಿದ್ದೆ. ನಿಲ್ಲಿಸಿ ಕಾದೆ. ಏದುಸಿರು ಬಿಡುತ್ತಾ ಬಂದ. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿತು.

‘ಮಾವ, ಗಾಡಿ ಬ್ಯಾಡ. ನಾ ನಡದ ಹೋಗ್ತೇನಿ.’

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ‘ಗಾಡಿ ಬ್ಯಾಡೋ, ಗಾಡಿ ತಂದಾಂವ ಬ್ಯಾಡೋ?’

ನಾನು ನೆಲ ನೋಡುತ್ತಾ, ‘ನಾ ಓದಬೇಕ ಮಾವ’ ಎಂದೆ. ಅಷ್ಟೇ. ಅವನು ಟವೆಲನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ. ‘ಗಾಡಿ ಬಾಜೂಕ ತಗೀ. ಎದುರಿಗೆ ಎಮ್ಮಿ ಬರಾಕತ್ತಾವ’ ಎಂದ. ಅವನಿಗೆ ಸಿಟ್ಟು ಬಂದಿತ್ತೋ, ಬೇಸರವಾಗಿತ್ತೋ... ಆ ಮುಖದಲ್ಲಿ ಏನೂ ಓದಲು ಆಗುತ್ತಿರಲಿಲ್ಲ.

ಯಡೂರಿಗೆ ಹೊರಟದ್ದು ಒಂದು ಸೋಮವಾರ. ಮಾವ ಮತ್ತು ನಾನು ಗಾಡಿಯ ಮೇಲೆ, ಉಳಿದವರು ಬಸ್ಸಿನಲ್ಲಿ ಎಂದು ಆಯಿ ಹೇಳಿದ್ದಳು. ಮಾವ ಗಾಡಿ ಚಾಲೂ ಮಾಡಿ ಆಯಿಯ ಮುಂದೆಯೇ ತಂದು ನಿಲ್ಲಿಸಿದ. ‘ಹತ್ತ ಬೇ. ಮೊದಲನೇ ಸವಾರಿ ಹಡದಾಕೀದು.’ ಆಯಿ ಬೇಡಬೇಡ ಎನ್ನುತ್ತಲೇ ಸಕ್ಕರೆ ಪುಡಿಕೆಯನ್ನು ಎದೆಗೊತ್ತಿಕೊಂಡು ಅಡ್ಡಡ್ಡಲಾಗಿ ಕೂತಳು. ಗಾಡಿ ಬದುವಿನ ಆಚೆ ಮರೆಯಾದ ಮೇಲೂ ‘ಸಾವಕಾಶ ಹೊಡೀಯೋ ಮುಕಳ್ಯಾ’ ಎಂದು ಅವಳು ಕೂಗುವುದು ನಮಗೆ ಕೇಳಿಸುತ್ತಿತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಗುಡಿಯ ಮುಂದೆ ಪೂಜೆಯಾಯಿತು. ಗಾಲಿಗೆ ನಿಂಬೆಹಣ್ಣು ಇಟ್ಟರು, ಹ್ಯಾಂಡಲಿಗೆ ಹಾರ ಹಾಕಿದರು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಆಯಿ ಪುಡಿಕೆ ತೆಗೆದು ಮಾವನ ಕೈಗಿಟ್ಟಳು. ನನ್ನನ್ನು ಅವನ ಎದುರು ನಿಲ್ಲಿಸಿದಳು. ಹೂವು ಮಾರುವ ಮುದುಕಿಯೊಬ್ಬಳು ನೋಡುತ್ತಿದ್ದವಳು, ಲಗ್ನ ಗಟ್ಟಿಯಾಯಿತೇ ಎಂದು ಮರಾಠಿಯಲ್ಲಿ ಕೇಳಿದಳು: ‘ಲಗ್ನ ಠರಲಂ ಕಾ ರೇ?’

ಮಾವ ಪುಡಿಕೆ ಬಿಚ್ಚಿ ಒಂದು ಚಿಟಿಕೆ ತೆಗೆದುಕೊಂಡ. ನಾನು ಹಲ್ಲು ಕಚ್ಚಿಕೊಂಡೆ. ಅವನ ಕೈ ನನ್ನ ಮುಖದ ಮುಂದೆಯೇ ಹಾದು ಪಕ್ಕದಲ್ಲಿದ್ದ ಅವ್ವನ ಬಾಯಿಗೆ ಹೋಯಿತು.

‘ಏ ಹುಚ್ಚ, ಯಾರ ಬಾಯಾಗ ಹಾಕ್ತಿ!’ ಆಯಿ ಚೀರಿದಳು.

‘ಗೊತ್ತೈತಿ ಬೇ. ನಮ್ಮ ಮಂದ್ಯಾಗ ಕಾಲೇಜ ಮೆಟ್ಟಲಾ ಹತ್ತಾಕಿ ಇಕಿ ಒಬ್ಬಾಕೀನ. ಮೊದಲ ಅಕ್ಕನ ಬಾಯಿ ಸಿಹಿ ಆಗ್ಲಿ’ ಎಂದ. ಹಾಗೇ ಹೂವಿನ ಮುದುಕಿಯ ಕಡೆ ತಿರುಗಿ, ‘ನಾಹಿ ಮಾವಶಿ, ಪೋರಗಿ ಕಾಲೇಜಲಾ ಚಾಲಲೀ’ ಎಂದು ಅವಳ ಅಂಗೈಗೂ ಸಕ್ಕರೆ ಹಾಕಿದ. ಹುಡುಗಿ ಕಾಲೇಜಿಗೆ ಹೊರಟಿದ್ದಾಳೆ, ಅದಕ್ಕೆ. ಆಮೇಲೆ ಪೂಜಾರಿಗೆ, ಅಪ್ಪನಿಗೆ, ಮೆಟ್ಟಿಲ ಮೇಲೆ ಕೂತಿದ್ದ ಅಪರಿಚಿತರಿಗೆಲ್ಲ ಹಂಚುತ್ತಾ ಹೋದ. ಕೊನೆಯ ಕಾಳನ್ನು ನನ್ನ ಅಂಗೈಗೆ ಕೊಡವಿದ, ಎಲ್ಲರಿಗೂ ಕೊಟ್ಟಂತೆ. ನಿಶ್ಚಯಕ್ಕೆಂದು ಕಟ್ಟಿದ ಸಕ್ಕರೆ ಇನ್ನೊಂದಕ್ಕೆ ಹಂಚಿಹೋದರೆ ಆ ಮಾತು ಅಲ್ಲಿಗೆ ಬಿತ್ತು. ಬೀಳಿಸಿದವನು ಗಂಡು; ನನ್ನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಆಯಿ ಅವನ ಗಾಡಿ ಹತ್ತದೆ ಬಸ್ಸಿನಲ್ಲೇ ತಿರುಗಿ ಬಂದಳು. ತಿಂಗಳುಗಟ್ಟಲೆ ಮಗನ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಊರಿನವರು ಕಟ್ಟೆಯ ಮೇಲೆ ಕೂತು ಅವನನ್ನು ಕೆಣಕುತ್ತಿದ್ದರು: ‘ಏನೋಪಾ, ಗಾಡೀನೂ ಕೊಟ್ಟಿ, ಹುಡಿಗೀನೂ ಬಿಟ್ಟಿ!’ ಮಾವ, ‘ಬ್ರೇಕ್ ಇತ್ತು, ಹಿಡದ್ನಿ’ ಎಂದು ಮುಂದೆ ಹೋಗುತ್ತಿದ್ದ.

ನಾನು ಗಾಡಿ ಒಯ್ದೆ. ಮಳೆಗಾಲದ ಕೆಸರಲ್ಲಿ ನೂಕಿದ್ದೇನೆ, ಚೈನು ಬಿದ್ದರೆ ಕೈ ಕಪ್ಪು ಮಾಡಿಕೊಂಡು ನಾನೇ ಹಾಕಿಕೊಂಡಿದ್ದೇನೆ. ಹೊತ್ತು ಮುಳುಗುವುದರೊಳಗೆ ಮನೆಯಲ್ಲಿರುತ್ತಿದ್ದೆ. ಡಿಗ್ರಿ ಮುಗಿಸಿದೆ, ನೌಕರಿ ಹಿಡಿದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ.

ಪಾಸಾದ ಸುದ್ದಿ ತಿಳಿದ ದಿನ ಪೇಡೆ ಕಟ್ಟಿಸಿಕೊಂಡು ಉಗಾರಕ್ಕೆ ಹೋದೆ. ಅಷ್ಟೊತ್ತಿಗೆ ಮಾವನ ಲಗ್ನವಾಗಿತ್ತು. ಅತ್ತಿ ನನ್ನನ್ನು ಕೂರಿಸಿ ಉಡಿ ತುಂಬಿದಳು. ಮಾವ ಟ್ರಾಲಿಯ ಗಾಲಿಗೆ ಗ್ರೀಸ್ ಹಚ್ಚುತ್ತಿದ್ದ. ಪೇಡೆ ಹಿಡಿದರೆ, ‘ನನ್ನ ಕೈ ಹೊಲಸ ಅದಾವ. ಮೊದಲ ನಿಮ್ಮ ಅತ್ತೀಗೆ ಕೊಡು’ ಎಂದ. ನಾನೇ ಬಾಯಿಗೆ ಹಾಕುತ್ತೇನೆಂದರೆ ಮುಖ ತಿರುಗಿಸಿ ನಕ್ಕ: ‘ದಿನಾ ಸಕ್ಕರಿ ವಾಸನಿ ಕುಡಿಯಾಂವಗ ಮತ್ತೇನ ಸಿಹಿ ತಿನಸ್ತಿ?’ ಯಡೂರಿನಲ್ಲಿ ಊರಿಗೆಲ್ಲ ಹಂಚಿದವನು ತಾನೊಂದು ಕಾಳೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಅದು ನನಗೆ ಹೊಳೆದದ್ದು ಆವಾಗಲೇ. ಗಾಡಿ ತರುವಾಗ ಅವನ ಮನಸ್ಸಿನಲ್ಲಿ ಏನಿತ್ತೋ... ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಈಗ ಆಯಿ ಇಲ್ಲ, ಅವ್ವ ಇಲ್ಲ. ಮಾವನೂ ಹೋದ ವರ್ಷ, ಕಬ್ಬಿನ ಹಂಗಾಮು ಶುರುವಾಗುವ ಮೊದಲೇ ಹೋದ. ಗಾಡಿ ಎಂದೋ ಗುಜರಿಗೆ ಹೋಗಿದೆ. ಉಳಿದದ್ದು ಈ ಚಾವಿ.

ಮಗಳಿಗೆ ಕಾರು ಒಯ್ಯಲು ಹೇಳಿದೆ. ‘ಶರತ್ತು ಏನು?’ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅವಳು ನಂಬದೆ ನಕ್ಕಳು.

ಹೊರಡುವ ದಿನ ಡಬ್ಬಿ ತೆಗೆದು ಒಂದು ಚಿಟಿಕೆ ಸಕ್ಕರೆ ಹಿಡಿದು ಬಾಗಿಲಲ್ಲಿ ನಿಂತೆ. ಮಗಳು ಬಾಯಿ ತೆರೆದಳು. ನನ್ನ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಮೊದಲು ಹಾಕಬೇಕಾಗಿದ್ದ ಬಾಯಿ ಉಗಾರದಲ್ಲಿತ್ತು, ಒಂದು ಕಾಳೂ ತಿನ್ನದೆ ಹೋದ ಮಾವನದು.